ಹಳೆಯ ಡೀಸೆಲ್ ಜೀಪು ಕೊಳ್ಳುವ ಮುನ್ನ

ಅಡಿಕೆ ಮಂಡಿಯ ಲೆಕ್ಕ ಚುಕ್ತಾ ಆಗಿ, ಕಾಫಿ ಕೊಯ್ಲು ಮುಗಿದು, ಕೈಯಲ್ಲಿ ಸ್ವಲ್ಪ ಹಣ ಓಡಾಡುವ ಕಾಲದಲ್ಲಿ ಮಲೆನಾಡಿನ ಮತ್ತು ಕೊಡಗಿನ ಅನೇಕ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ಈ ವರ್ಷವಾದರೂ ಒಂದು ಜೀಪು ತಂದುಬಿಡೋಣವೇ? ಡಾಂಬರು ರಸ್ತೆಯಿಂದ ಮನೆಗೆ, ಮನೆಯಿಂದ ತೋಟಕ್ಕೆ ಇರುವ ಕೊನೆಯ ಒಂದೆರಡು ಮೈಲಿ ಮಣ್ಣಿನ ಹಾದಿ ಮಳೆಗಾಲದಲ್ಲಿ ಸಾಮಾನ್ಯ ವಾಹನವನ್ನು ಹತ್ತಗೊಡುವುದಿಲ್ಲ. ಗೊಬ್ಬರದ ಚೀಲವನ್ನು ಹೊತ್ತು ತರಬೇಕು, ಬೋರ್ಡೋ ದ್ರಾವಣದ ಸುಣ್ಣ, ಮೈಲುತುತ್ತವನ್ನು ಹೊತ್ತು ತರಬೇಕು. ರಾತ್ರಿ ಹೊತ್ತು ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಆ ಎರಡು ಮೈಲಿಯೇ ದೊಡ್ಡ ದೂರ. ಹೊಸ ನಾಲ್ಕು ಚಕ್ರ ಚಾಲನೆಯ ವಾಹನದ ಬೆಲೆ ಹತ್ತು ಲಕ್ಷ ರೂಪಾಯಿ ದಾಟಿರುವುದರಿಂದ ಸಣ್ಣ ಬೆಳೆಗಾರನ ಕಣ್ಣು ಸಹಜವಾಗಿಯೇ ಬಹಳ ಓಡಿದ, ಅಗ್ಗದ ಹಳೆಯ ಡೀಸೆಲ್ ಜೀಪಿನ ಮೇಲೆ ಬೀಳುತ್ತದೆ.

ಇದರಲ್ಲಿ ತಪ್ಪೇನೂ ಇಲ್ಲ. ಬಹಳ ಓಡಿದ ಡೀಸೆಲ್ ಜೀಪು ಇನ್ನೂ ಹತ್ತು ವರ್ಷ ದುಡಿಯಬಹುದು. ಆದರೆ ಒಂದು ವರ್ಷದ ಬೆಳೆಯ ಹಣ ಒಂದೇ ದಿನ ಕೈಬಿಡುವ ವ್ಯವಹಾರವಿದು. ಸಾಮಾನ್ಯವಾಗಿ ಕೊಳ್ಳುವವರು ಮೊದಲು ಮೀಟರು ನೋಡುತ್ತಾರೆ, ಆಮೇಲೆ ಎಂಜಿನ್ ಶಬ್ದ ಕೇಳುತ್ತಾರೆ, ಕಾಗದಪತ್ರವನ್ನು ಮುಂಗಡ ಕೊಟ್ಟ ಮೇಲೆ ನೋಡುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದೇ ನಮ್ಮ ಸಲಹೆ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಚಾಸಿಸ್ ತುಕ್ಕು ತಿಂದಿದ್ದರೆ ಅಥವಾ ಕಾಗದ ಸರಿಯಿಲ್ಲದಿದ್ದರೆ ಅದನ್ನು ಸರಿಪಡಿಸುವ ಗ್ಯಾರೇಜು ಯಾವ ಊರಿನಲ್ಲೂ ಇಲ್ಲ.

ನಿಜವಾಗಿಯೂ ಬೇಕೇ?

ಜೀಪು ನೋಡಲು ಹೊರಡುವ ಮೊದಲು ನಿಮ್ಮ ದಾರಿಯನ್ನೇ ಒಮ್ಮೆ ನಡೆದು ನೋಡಿರಿ. ಇಡೀ ದಾರಿ ಕೆಟ್ಟಿದೆಯೇ, ಅಥವಾ ಒಂದು ಏರು, ಒಂದು ತಿರುವು ಮಾತ್ರ ತೊಂದರೆ ಕೊಡುತ್ತಿದೆಯೇ? ಏರಿನ ಆ ಐವತ್ತು, ನೂರು ಮೀಟರಿಗೆ ಎರಡು ಚಕ್ರಗಳ ಸಾಲಿನಲ್ಲಿ ಕಾಂಕ್ರೀಟು ಪಟ್ಟಿ ಹಾಕಿಸಿ, ನೀರು ಹರಿಯಲು ಪಕ್ಕದಲ್ಲಿ ಚರಂಡಿ ತೆಗೆಸಿದರೆ ಸಾಮಾನ್ಯ ಪಿಕಪ್ ಗಾಡಿಯೇ ಮೇಲಕ್ಕೆ ಬಂದೀತು. ದಾರಿಗೆ ಹಾಕಿದ ಹಣ ಡೀಸೆಲ್ ಕುಡಿಯುವುದಿಲ್ಲ, ವಿಮೆ ಕೇಳುವುದಿಲ್ಲ. ಮನೆಯಲ್ಲಿ ಟ್ರಾಕ್ಟರ್ ಅಥವಾ ಪವರ್ ಟಿಲ್ಲರ್ ಟ್ರೈಲರ್ ಇದ್ದರೆ ಗೊಬ್ಬರ ಸಾಗಿಸುವ ಕೆಲಸ ಅದರಿಂದಲೇ ಆಗುತ್ತದೆ. ಇಷ್ಟೆಲ್ಲ ಯೋಚಿಸಿದ ಮೇಲೂ ಹಳ್ಳ ದಾಟಬೇಕು, ಜಾರುವ ಕೆಂಪು ಮಣ್ಣಿನ ಏರು ಹತ್ತಬೇಕು ಎಂದಾದರೆ ಮುಂದೆ ಓದಿರಿ.

ಮೀಟರು ಹೇಳದ ಮಾತು

ಟ್ರಾಕ್ಟರ್ ಕೊಳ್ಳುವಾಗ ಎಷ್ಟು ಗಂಟೆ ಓಡಿದೆ ಎಂದು ಕೇಳುವ ರೈತರೇ ಜೀಪು ಕೊಳ್ಳುವಾಗ ಎಷ್ಟು ಕಿಲೋಮೀಟರ್ ಎಂದು ಕೇಳುತ್ತಾರೆ. ಎಂಜಿನ್ ಸವೆಯುವುದು ಬಹುಮಟ್ಟಿಗೆ ಅದು ತಿರುಗಿದ ಗಂಟೆಗಳಿಂದ. ತೋಟದೊಳಗೆ ಗಂಟೆಗೆ 10 ಕಿ.ಮೀ. ವೇಗದಲ್ಲಿ 40,000 ಕಿ.ಮೀ. ಓಡಿದ ಜೀಪಿನ ಎಂಜಿನ್ 4,000 ಗಂಟೆ ದುಡಿದಿರುತ್ತದೆ. ಹೆದ್ದಾರಿಯಲ್ಲಿ 50 ಕಿ.ಮೀ. ಸರಾಸರಿಯಲ್ಲಿ 2,00,000 ಕಿ.ಮೀ. ಓಡಿದ ವಾಹನದ ಎಂಜಿನ್ ದುಡಿದಿರುವುದೂ ಅದೇ 4,000 ಗಂಟೆ. ಮೇಲಾಗಿ ತೋಟದ ಗಾಡಿಯ ಕ್ಲಚ್, ಗೇರ್ ಬಾಕ್ಸ್, ಆಕ್ಸೆಲ್ ಪಟ್ಟ ಪಾಡು ಹೆದ್ದಾರಿಯ ಗಾಡಿಗಿಂತ ಹೆಚ್ಚು. ಆದ್ದರಿಂದ "ನಲವತ್ತೇ ಸಾವಿರ ಓಡಿದೆ ಸಾರ್, ಎಸ್ಟೇಟ್ ಬಿಟ್ಟು ಆಚೆ ಹೋಗಿಲ್ಲ" ಎಂಬ ಮಾತು ಹೊಗಳಿಕೆಯಂತೆ ಕೇಳಿಸಿದರೂ ಎಚ್ಚರಿಕೆಯ ಮಾತು. ಪ್ರವಾಸಿಗರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಜೀಪುಗಳ ವಿಷಯದಲ್ಲಿಯೂ ಇದನ್ನೇ ನೆನಪಿಡಬೇಕು. ಮಾಂದಲಪಟ್ಟಿಗೋ ಕೊಡಚಾದ್ರಿಗೋ ದಿನಕ್ಕೆ ಹಲವು ಸಲ ಪೂರ್ತಿ ಭಾರ ಹೊತ್ತು ಕಲ್ಲುದಾರಿ ಹತ್ತಿದ ಗಾಡಿಯ ಮೀಟರಿನಲ್ಲಿ ಆ ಶ್ರಮ ಬರೆದಿರುವುದಿಲ್ಲ.

ಇನ್ನು ಮೀಟರಿನ ಅಂಕಿಯೇ ನಿಜವೆಂದು ನಂಬುವಂತಿಲ್ಲ. ಅನೇಕ ಹಳೆಯ ಜೀಪುಗಳ ಮೀಟರಿನಲ್ಲಿ ಐದೇ ಅಂಕಿ. 99,999 ತುಂಬಿದ ಮೇಲೆ ಮತ್ತೆ ಸೊನ್ನೆಯಿಂದ ಪ್ರಾರಂಭ. ಕೇಬಲ್ ತುಂಡಾಗಿ ವರ್ಷಗಟ್ಟಲೆ ನಿಂತ ಮೀಟರುಗಳೂ ಉಂಟು. ಹೊಸ ಮಾದರಿಗಳ ಎಲೆಕ್ಟ್ರಾನಿಕ್ ಮೀಟರನ್ನು ಹಿಂದಕ್ಕೆ ತಿರುಗಿಸುವವರೂ ಇದ್ದಾರೆ. ದೊಡ್ಡ ಟೈರು ಹಾಕಿಸಿದ ಗಾಡಿಯ ಮೀಟರು ಓಡಿದ್ದಕ್ಕಿಂತ ಕಡಿಮೆಯೇ ತೋರಿಸುತ್ತದೆ. ಮೀಟರಿಗಿಂತ ಪೆಡಲಿನ ರಬ್ಬರು, ಗೇರ್ ಹಿಡಿಕೆ, ಚಾಲಕನ ಸೀಟಿನ ಅಂಚು, ಬಾಗಿಲ ಕೀಲು ಹೆಚ್ಚು ಪ್ರಾಮಾಣಿಕ. ಕಂಪನಿಯ ಸರ್ವೀಸ್ ಕೇಂದ್ರದಲ್ಲಿ ರಿಪೇರಿ ಆಗುತ್ತಿದ್ದ ವಾಹನವಾದರೆ ನೋಂದಣಿ ಸಂಖ್ಯೆ ಕೊಟ್ಟು, ಪ್ರತಿ ಸಲ ಬಂದಾಗ ಎಷ್ಟು ಕಿ.ಮೀ. ಇತ್ತು ಎಂಬ ಲೆಕ್ಕವನ್ನು ಮಾಲೀಕರ ಮೂಲಕ ತರಿಸಿಕೊಳ್ಳಿರಿ.

ಚಾಸಿಸ್: ಮೊದಲು ಕೆಳಗೆ ಮಲಗಿ ನೋಡಿ

ಹಳೆಯ ಪಂಚೆ ಉಟ್ಟು, ಒಂದು ಟಾರ್ಚು, ಒಂದು ಸಣ್ಣ ಸುತ್ತಿಗೆ ಹಿಡಿದು ಹೋಗುವುದು ಲೇಸು. ಎಂಜಿನ್ ಚಾಲೂ ಮಾಡುವ ಮೊದಲು ವಾಹನದ ಕೆಳಗೆ ಮಲಗಿ ಚಾಸಿಸ್ಸಿನ ಎರಡೂ ಉದ್ದ ತೊಲೆಗಳನ್ನು ಮುಂದಿನಿಂದ ಹಿಂದಿನವರೆಗೆ ಮೆಲ್ಲಗೆ ತಟ್ಟುತ್ತಾ ಬನ್ನಿರಿ. ಗಟ್ಟಿ ಉಕ್ಕು ಠಣ್ಣೆನ್ನುತ್ತದೆ. ಒಳಗೆ ತುಕ್ಕು ತಿಂದ ಜಾಗ ಮಂಕಾಗಿ ಬಡಿಯುತ್ತದೆ, ಕೆಲವೊಮ್ಮೆ ಹಕ್ಕಳೆ ಉದುರುತ್ತದೆ. ಕೆಳಗೆಲ್ಲ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಸಂತೋಷಪಡಬೇಡಿ. ಏನನ್ನು ಮುಚ್ಚಿದ್ದಾರೆ ಎಂದು ಇನ್ನೂ ಗಮನವಿಟ್ಟು ನೋಡಿರಿ.

ತುಕ್ಕಿಗೆ ಮಳೆಯೊಂದೇ ಕಾರಣವಲ್ಲ. ಗೊಬ್ಬರ ಸಾಗಿಸಿದ ಜೀಪುಗಳಲ್ಲಿ ಚೀಲದಿಂದ ಉದುರಿದ ಪೊಟ್ಯಾಷ್ ಮತ್ತು ಯೂರಿಯಾ ನೆಲದ ತಗಡಿನ ಸಂದಿಗಳಲ್ಲಿ ಕುಳಿತು, ತೇವ ಹೀರಿ, ತಗಡನ್ನೂ ಅದರ ಕೆಳಗಿನ ಚಾಸಿಸ್ಸನ್ನೂ ತಿನ್ನುತ್ತವೆ. ನಾವು ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎನ್ನುವುದು ಪೊಟ್ಯಾಸಿಯಂ ಕ್ಲೋರೈಡ್, ಅಡಿಗೆ ಉಪ್ಪಿನ ಹತ್ತಿರದ ನಂಟು. ಕರಾವಳಿಯಲ್ಲಿ ಮೀನು ಸಾಗಿಸಿದ ಗಾಡಿಯಲ್ಲಿ ಇದೇ ಕೆಲಸವನ್ನು ಉಪ್ಪುನೀರು ಮಾಡಿರುತ್ತದೆ. ಹಿಂಬದಿಯ ನೆಲಹಾಸನ್ನು ಎತ್ತಿ ನೋಡದೆ ಯಾವ ಜೀಪನ್ನೂ ಕೊಳ್ಳಬಾರದು.

ಸ್ಪ್ರಿಂಗ್ ಪ್ಲೇಟುಗಳು ಚಾಸಿಸ್ಸಿಗೆ ಸೇರುವ ಕಡೆ, ಸ್ಟಿಯರಿಂಗ್ ಬಾಕ್ಸ್ ಕೂತಿರುವ ಕಡೆ ಮತ್ತು ಟ್ರೈಲರ್ ಕೊಂಡಿಯ ಸುತ್ತ ಬಿರುಕು ಅಥವಾ ವೆಲ್ಡಿಂಗ್ ಇದೆಯೇ ನೋಡಿರಿ. ಸ್ಪ್ರಿಂಗ್ ಪ್ಲೇಟು ತುಂಡಾಗಿದ್ದರೆ ಚಿಂತೆಯಿಲ್ಲ, ಹೊಸದು ಸಿಗುತ್ತದೆ. ಚಾಸಿಸ್ ಸಂಖ್ಯೆ ಕೊರೆದಿರುವ ಜಾಗದಲ್ಲಿ ಉಜ್ಜಿದ, ಬೆಸೆದ ಗುರುತು ಕಂಡರೆ ಮಾತ್ರ ಅಲ್ಲಿಂದಲೇ ನಮಸ್ಕಾರ ಹೇಳಿ ಎದ್ದುಬರಬೇಕು. ಬೆಲೆ ಎಷ್ಟೇ ಇಳಿಸಿದರೂ ಕೂಡದು.

ಎಂಜಿನ್ನಿನ ಪರೀಕ್ಷೆ

ಬೆಳಿಗ್ಗೆ ಬೇಗ ಹೋಗಿರಿ, ನಾವು ಬರುವವರೆಗೆ ಚಾಲೂ ಮಾಡಬೇಡಿ ಎಂದು ಮೊದಲೇ ತಿಳಿಸಿರಿ. ಹೋದೊಡನೆ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿರಿ. ಬೆಚ್ಚಗಿದ್ದರೆ ನಿಮಗಿಂತ ಮುಂಚೆ ಯಾರೋ ಅದನ್ನು ಎಬ್ಬಿಸಿದ್ದಾರೆ ಎಂದರ್ಥ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಚ್ಚುವ ಪ್ಲಗ್ ಇಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಸಿಲಿಂಡರ್, ರಿಂಗ್ ಸವೆದು ಒತ್ತಡ ಸೋರಿದರೆ ತಣ್ಣಗಿನ ಎಂಜಿನ್ ಬೇಗ ಏಳುವುದಿಲ್ಲ. ಹಳೆಯ ಪ್ಯೂಜೋ ಮಾದರಿಯ ಎಂಜಿನ್ನುಗಳಲ್ಲಿ ಹೀಟರ್ ಪ್ಲಗ್ ಇರುವುದರಿಂದ ಕೆಲವು ಕ್ಷಣ ಕಾಯುವುದು ಸಹಜ. ಕಾದ ಮೇಲೂ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕಾದರೆ ಹೀಟರ್ ಪ್ಲಗ್ ಕೆಟ್ಟಿರಬಹುದು, ಇಲ್ಲವೇ ಎಂಜಿನ್ ದಣಿದಿದೆ. ಮೊದಲನೆಯದಾದರೆ ಸಣ್ಣ ಖರ್ಚು.

ಹೊಗೆಯನ್ನು ಓದಲು ಕಲಿಯಿರಿ. ಚಳಿಯಲ್ಲಿ ಎದ್ದಾಗ ಬರುವ ಬಿಳಿ ಹೊಗೆ ಕೆಲವು ನಿಮಿಷಗಳಲ್ಲಿ ನಿಂತರೆ ತೊಂದರೆಯಿಲ್ಲ. ಕಾವೇರಿದ ಮೇಲೂ ಬಿಳಿ ಹೊಗೆ ಬರುತ್ತಿದ್ದು ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಅಥವಾ ಹೆಡ್ ಬಿರುಕು ಬಿಟ್ಟಿರುವ ಸಂಶಯ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ರಿಂಗ್, ವಾಲ್ವ್ ಗೈಡ್, ಟರ್ಬೊ ಇರುವ ಗಾಡಿಯಾದರೆ ಟರ್ಬೊ ಕೂಡ ಕಾರಣವಿರಬಹುದು. ಕಪ್ಪು ಹೊಗೆ ಗಾಳಿ ಸಾಲದ್ದರಿಂದ ಅಥವಾ ಇಂಧನ ಹೆಚ್ಚಾದ್ದರಿಂದ ಬರುವಂಥದು. ಗಾಳಿ ಶೋಧಕ ತುಂಬಿರಬಹುದು, ನಾಝಲ್ ಕೆಟ್ಟಿರಬಹುದು. ನೋಡಲು ಭಯಂಕರವಾದರೂ ಮೂರರಲ್ಲಿ ಹೆಚ್ಚಿನ ವೇಳೆ ಅಗ್ಗದಲ್ಲಿ ಹೋಗುವುದು ಇದೇ.

ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ತೆಗೆದು ನೋಡಿರಿ. ತುಸು ಆವಿ ಸಹಜ. ಬಚ್ಚಲೊಲೆಯಂತೆ ಬುಸುಬುಸು ಹೊಗೆ ಉಗುಳಿದರೆ ರಿಂಗ್ ಮತ್ತು ಬೋರು ಸವೆದಿವೆ ಎಂದು ತಿಳಿಯಬೇಕು. ಆಯಿಲ್ ಕಪ್ಪಾಗಿರುವುದನ್ನು ಕಂಡು ಹೆದರಬೇಕಾಗಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡಿರಿ. ಬಿಸಿಯಾದ ಮೇಲೆ ಎಂದಿಗೂ ತೆಗೆಯಬಾರದು. ಮೇಲೆ ಎಣ್ಣೆಯ ಪದರ ತೇಲುತ್ತಿದ್ದರೆ ಅಥವಾ ಚಾಲೂ ಮಾಡಿದೊಡನೆ ಗುಳ್ಳೆ ಏಳುತ್ತಿದ್ದರೆ ಹೆಡ್ ಬಿಚ್ಚಲೇಬೇಕಾಗುತ್ತದೆ.

ದಣಿದ ಎಂಜಿನ್ ಕಂಡೊಡನೆ ವ್ಯಾಪಾರ ಬಿಡಬೇಕೆಂದಿಲ್ಲ. ಯಾಂತ್ರಿಕ ಪಂಪಿನ ಹಳೆಯ ಎಂಜಿನ್ನುಗಳನ್ನು ಬೋರು ಮಾಡಿಸಿ, ಪಿಸ್ಟನ್, ರಿಂಗ್, ಬೇರಿಂಗ್ ಹೊಸದು ಹಾಕಿ ಕಟ್ಟಬಲ್ಲ ಮೆಕ್ಯಾನಿಕ್‌ಗಳು ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಇನ್ನೂ ಇದ್ದಾರೆ. ಹತ್ತಿರದ ಗ್ಯಾರೇಜಿನಲ್ಲಿ ಅಂದಾಜು ಕೇಳಿ ಆ ಮೊತ್ತವನ್ನು ಬೆಲೆಯಲ್ಲಿ ಕಳೆಯಿರಿ, ಅಷ್ಟೆ. ಆದರೆ ಕಾಮನ್ ರೈಲ್ ಎಂಜಿನ್ನುಗಳ, ಅಂದರೆ ಹೆಸರಿನಲ್ಲಿ ಸಿಆರ್‌ಡಿಇ ಮುಂತಾಗಿ ಬರೆದಿರುವ ಗಾಡಿಗಳ ಲೆಕ್ಕ ಬೇರೆ. ಅವು ಹೆಚ್ಚು ಶಕ್ತಿ ಕೊಡುತ್ತವೆ, ಆದರೆ ಅವುಗಳ ಇಂಜೆಕ್ಟರ್ ಬಹಳ ಸೂಕ್ಷ್ಮ. ಕ್ಯಾನಿನಲ್ಲಿ ಡೀಸೆಲ್ ತಂದು ತೋಟದ ಶೆಡ್ಡಿನಲ್ಲಿಟ್ಟು ತುಂಬಿಸುವ ಅಭ್ಯಾಸವಿದ್ದವರಿಗೆ ಇದು ಮುಖ್ಯ. ಒಂದಿಷ್ಟು ನೀರು, ಧೂಳು ಸೇರಿದರೂ ಇಂಜೆಕ್ಟರಿಗೆ ಹಾನಿ, ಬದಲಿಸುವ ಖರ್ಚು ದೊಡ್ಡದು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್.6 ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಶೋಧಕವೂ ಸೇರಿದೆ. ಆ ಮಸಿ ಸುಟ್ಟುಹೋಗಲು ವಾಹನ ಆಗಾಗ್ಗೆ ಒಂದಷ್ಟು ಹೊತ್ತು ಒಳ್ಳೆಯ ವೇಗದಲ್ಲಿ ಓಡಬೇಕು. ತೋಟದ ಗೇಟು ದಾಟದ ಗಾಡಿಯಲ್ಲಿ ಶೋಧಕ ಕಟ್ಟಿಕೊಳ್ಳುತ್ತದೆ. ತೋಟದ ಕೆಲಸಕ್ಕಷ್ಟೇ ಜೀಪು ಬೇಕೆನ್ನುವವರಿಗೆ ಹಳೆಯ ಸರಳ ಎಂಜಿನ್ನೇ ವಾಸಿ ಎಂಬುದು ನಮ್ಮ ಅಭಿಪ್ರಾಯ. ಆರಾಮ, ವೇಗ ಬೇಕೆನ್ನುವವರು ಒಪ್ಪಲಿಕ್ಕಿಲ್ಲ.

ನಾಲ್ಕೂ ಚಕ್ರ ತಿರುಗುತ್ತವೆಯೇ?

ನಾಲ್ಕು ಚಕ್ರ ಚಾಲನೆಗೆಂದೇ ಹೆಚ್ಚು ಹಣ ಕೊಡುತ್ತಿದ್ದೀರಿ, ಆದ್ದರಿಂದ ಅದು ಕೆಲಸ ಮಾಡುತ್ತದೆಯೇ ಎಂದು ಕಣ್ಣಾರೆ ನೋಡಬೇಕು. ಒಂದೇ ಹೆಸರಿನ ವಾಹನ ಎರಡು ಚಕ್ರ ಚಾಲನೆಯಲ್ಲೂ ನಾಲ್ಕು ಚಕ್ರ ಚಾಲನೆಯಲ್ಲೂ ಮಾರಾಟವಾಗಿರುವುದುಂಟು. 2010ರಲ್ಲಿ ಬಂದ ಮೊದಲ ಥಾರ್ ಡಿಐ ಹಾಗೆಯೇ ಇತ್ತು. ರಸ್ತೆಯಲ್ಲಿ ಕಾಣುವ ಬೊಲೆರೊಗಳಲ್ಲಿ ಬಹುಪಾಲು ಹಿಂದಿನ ಚಕ್ರ ಮಾತ್ರ ತಿರುಗುವಂಥವು. ಹಿಂದೆ ಅಂಟಿಸಿದ ಅಕ್ಷರ ನೋಡಿ ನಂಬಬೇಡಿ. ಮುಂದಿನ ಆಕ್ಸೆಲ್ಲಿನಲ್ಲಿ ಡಿಫರೆನ್ಶಿಯಲ್ಲಿನ ಉಂಡೆ ಇದೆಯೇ, ಅಲ್ಲಿಗೆ ಶಾಫ್ಟ್ ಬಂದು ಸೇರಿದೆಯೇ ನೋಡಿರಿ. ಶಬ್ದ ಮತ್ತು ಡೀಸೆಲ್ ಖರ್ಚು ಕಡಿಮೆಯಾಗಲೆಂದು ಮುಂದಿನ ಶಾಫ್ಟನ್ನು ಬಿಚ್ಚಿಟ್ಟು ಓಡಿಸುವವರಿದ್ದಾರೆ. ಬಿಚ್ಚಿಟ್ಟ ಶಾಫ್ಟ್ ಶೆಡ್ಡಿನಲ್ಲಿದೆ ಎಂದರೆ ಅದನ್ನು ಜೋಡಿಸಿದ ಮೇಲೆಯೇ ಪರೀಕ್ಷೆ ಮಾಡಬೇಕು.

ಈ ಪರೀಕ್ಷೆಗೆ ಡಾಂಬರು ರಸ್ತೆ ಸಲ್ಲದು. ಇಂಥ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೆ ಹಾಕಿದಾಗ ಮುಂದಿನ ಮತ್ತು ಹಿಂದಿನ ಆಕ್ಸೆಲ್ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಹೋಗಬೇಕಾಗಿರುವುದರಿಂದ, ಜಾರದ ಗಟ್ಟಿ ನೆಲದಲ್ಲಿ ಆ ವ್ಯತ್ಯಾಸವೆಲ್ಲ ಗೇರು, ಶಾಫ್ಟ್‌ಗಳ ಮೇಲೆ ಒತ್ತಡವಾಗಿ ಕೂರುತ್ತದೆ. ಒದ್ದೆ ಮಣ್ಣಿನ ಏರಿಗೆ ಒಯ್ಯಿರಿ. ಚಕ್ರದ ಹಬ್ಬನ್ನು ಕೈಯಿಂದ ತಿರುಗಿಸಿ ಕೂಡಿಸುವ ಮಾದರಿಯಾದರೆ ಮರೆಯದೆ ಕೂಡಿಸಿರಿ. ವಾಹನವನ್ನು ನಿಲ್ಲಿಸಿಕೊಂಡು ಲೋ ರೇಂಜಿಗೆ ಹಾಕಿ, ಒಬ್ಬರು ಓಡಿಸುವಾಗ ಇನ್ನೊಬ್ಬರು ಸುರಕ್ಷಿತ ದೂರದಲ್ಲಿ ಪಕ್ಕಕ್ಕೆ ನಿಂತು ಮುಂದಿನ ಚಕ್ರ ಮಣ್ಣು ಕೆದರುತ್ತದೆಯೇ ನೋಡಬೇಕು. ಏರಿನ ನಡುವೆ ಗೇರು ತಾನಾಗಿ ಕಳಚಿದರೆ ಟ್ರಾನ್ಸ್‌ಫರ್ ಕೇಸ್ ಸವೆದಿದೆ. ಇಳಿಜಾರಿನಲ್ಲಿ ಹೀಗಾದರೆ ಎಂಜಿನ್ನಿನ ಹಿಡಿತವೇ ತಪ್ಪಿಹೋಗುತ್ತದೆ, ಜೀವಕ್ಕೆ ಅಪಾಯ. ಹೊರಡುವಾಗ ಕೆಳಗಿನಿಂದ 'ಟಕ್' ಎಂಬ ಸದ್ದು ಬಂದರೆ ಶಾಫ್ಟಿನ ಕ್ರಾಸ್ ಸವೆದಿರಬಹುದು. ಅದು ಚಿಲ್ಲರೆ ಕೆಲಸ. ವೇಗ ಹೆಚ್ಚಿದಂತೆ ಹೌಸಿಂಗಿನಿಂದ 'ಉಂ' ಎಂದು ಗೋಳಿಡುವ ಸದ್ದು ಬಂದರೆ ಕ್ರೌನ್ ಗೇರು, ಬೇರಿಂಗುಗಳ ಖರ್ಚು ಕಾದಿದೆ. ಗೇರ್ ಆಯಿಲ್ ಬಿಳಿಚಿಕೊಂಡಿದ್ದರೆ ಹಳ್ಳದ ನೀರು ಒಳಸೇರಿದೆ.

ಕೈ ಬ್ರೇಕನ್ನು ಏರಿನಲ್ಲಿ ಪರೀಕ್ಷಿಸಿರಿ. ಹಳೆಯ ಕೆಲವು ಮಾದರಿಗಳಲ್ಲಿ ಅದು ಚಕ್ರವನ್ನು ಹಿಡಿಯದೆ ಹಿಂದಿನ ಶಾಫ್ಟನ್ನು ಹಿಡಿಯುತ್ತದೆ. ಟ್ರಾನ್ಸ್‌ಫರ್ ಕೇಸಿನ ಸೀಲು ಸೋರಿ ಡ್ರಮ್ಮಿಗೆ ಆಯಿಲ್ ಬಿದ್ದರೆ ಎಷ್ಟು ಎಳೆದರೂ ನಿಲ್ಲದು. ಐದೂ ಟೈರುಗಳು ಒಂದೇ ಅಳತೆಯವಾಗಿರಬೇಕು. ಅಳತೆ ಬೇರೆಯಾದರೆ ನಾಲ್ಕು ಚಕ್ರಕ್ಕೆ ಹಾಕಿದಾಗಲೆಲ್ಲ ಗೇರಿಗೆ ಪೆಟ್ಟು.

ಕಾಗದಪತ್ರ

ಒಬ್ಬ ಅಡಿಕೆ ಬೆಳೆಗಾರರು ಒಳ್ಳೆಯ ಬೆಲೆಗೆ ಜೀಪು ಕೊಂಡು ಎರಡು ವರ್ಷ ಓಡಿಸಿ, ನೋಂದಣಿ ನವೀಕರಣಕ್ಕೆಂದು ಹೋದಾಗ ಎಂಜಿನ್ ಸಂಖ್ಯೆ ಆರ್.ಸಿ.ಯಲ್ಲಿ ಇರುವುದಕ್ಕೆ ತಾಳೆಯಾಗಲಿಲ್ಲ. ಹಿಂದಿನ ಯಾವುದೋ ಮಾಲೀಕ ಬೇರೆ ಎಂಜಿನ್ ಕೂರಿಸಿ ದಾಖಲೆ ಮಾಡಿಸಿರಲಿಲ್ಲ. ಎಂಜಿನ್ನಿನ ಬಿಲ್ಲು ಯಾರಲ್ಲೂ ಇಲ್ಲ. ಗಾಡಿ ಇಂದಿಗೂ ಅವರ ಕೊಟ್ಟಿಗೆಯ ಪಕ್ಕದಲ್ಲಿ ನಿಂತಿದೆ, ಓಡುವ ಸ್ಥಿತಿಯಲ್ಲೇ. ಆದ್ದರಿಂದ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಆರ್.ಸಿ. ಕೈಯಲ್ಲಿ ಹಿಡಿದು ಅಕ್ಷರ ಅಕ್ಷರವಾಗಿ ಹೋಲಿಸಿರಿ. ಸೇನೆಯ ಹರಾಜಿನಿಂದ ಬಂದ, ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ, ಚಾಸಿಸ್ ಮೊಟಕು ಮಾಡಿದ ಜೀಪುಗಳಲ್ಲಿ ಇದು ಇನ್ನೂ ಮುಖ್ಯ. ನೋಂದಣಿಯಲ್ಲಿರುವ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ.

ಖಾಸಗಿ ವಾಹನದ ನೋಂದಣಿ 15 ವರ್ಷ ಮಾತ್ರ ಊರ್ಜಿತ. ಅನಂತರ ತಪಾಸಣೆಯಾಗಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಲಘು ಮೋಟಾರು ವಾಹನಕ್ಕೆ ಈ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂ.ಗಳಿಂದ 5,000 ರೂ.ಗಳಿಗೆ ಏರಿತು. 20 ವರ್ಷ ಮೀರಿದವಕ್ಕೆ 2025ರಲ್ಲಿ 10,000 ರೂ. ಎಂದು ಗೊತ್ತುಪಡಿಸಲಾಯಿತು. ಹದಿನಾಲ್ಕೂವರೆ ವರ್ಷದ ಜೀಪನ್ನು ಮಾರುವವನ ಅವಸರ ಏಕೆಂದು ಇದರಿಂದ ತಿಳಿಯುತ್ತದೆ. ನವೀಕರಣ ಮಾಡಿಸಿಯೇ ಕೊಡಿ ಎಂದು ಪಟ್ಟು ಹಿಡಿಯಿರಿ.

ದೆಹಲಿ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ವಿಧಿಸಿದ ಬಳಿಕ ಅಲ್ಲಿನ ಗಾಡಿಗಳು ಅಗ್ಗದಲ್ಲಿ ದಕ್ಷಿಣಕ್ಕೂ ಬಂದಿವೆ. ಇಂಥವನ್ನು ಕೊಳ್ಳುವಾಗ ಆ ರಾಜ್ಯದ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಮರುನೋಂದಣಿ ಆಗಬೇಕು, ವಾಹನದ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಬೇಕು. ತೆರಿಗೆ ಎಷ್ಟಾಗುತ್ತದೆಂದು ನಿಮ್ಮ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಕೇಳದೆ ಬೆಲೆ ಮಾತನಾಡಬೇಡಿ.

ಸಾಲದ ಮೇಲೆ ಕೊಂಡ ಗಾಡಿಯಾಗಿದ್ದರೆ ಸಾಲ ತೀರಿದ ಪತ್ರ ಮಾತ್ರ ಸಾಲದು, ಆರ್.ಸಿ.ಯಿಂದ ಸಾಲ ಕೊಟ್ಟವರ ಹೆಸರು ತೆಗೆದುಹಾಕಿರಬೇಕು. ಬಾಕಿ ದಂಡ, ವಿಮೆ, ನೋಂದಣಿಯ ಅವಧಿಗಳನ್ನು ಸಾರಿಗೆ ಇಲಾಖೆಯ ಪರಿವಾಹನ್ ಜಾಲದಲ್ಲಿ ನೋಡಬಹುದು. ಮನೆಯ ಮಕ್ಕಳಿಗೆ ಹೇಳಿದರೆ ಐದು ನಿಮಿಷದ ಕೆಲಸ. ಮಾರಾಟವಾದ ಮೇಲೆ 29 ಮತ್ತು 30ನೇ ನಮೂನೆಗಳಿಗೆ ಸಹಿ ಆಗಬೇಕು. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸತಕ್ಕದ್ದು. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಕೊಡಲು ಕಂಪನಿಗೆ 14 ದಿನಗಳೊಳಗೆ ಬರೆಯಿರಿ. ನಿಮ್ಮ ಹಳೆಯ ಗಾಡಿಯನ್ನು ಬದಲಿಗೆ ಕೊಡುತ್ತಿದ್ದರೆ ಅದೂ ಹೊಸಬರ ಹೆಸರಿಗೆ ಹೋಗಲೇಬೇಕು. ಅಪಘಾತವಾದಾಗ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ.

ಬೆಲೆಯ ಲೆಕ್ಕ

ಕೇಳಿದ ಬೆಲೆಗಿಂತ ಮನೆಗೆ ಬಂದು ದುಡಿಯಲು ನಿಂತಾಗಿನ ಬೆಲೆ ನೋಡಬೇಕು. ಲೆಕ್ಕಕ್ಕೆಂದು ಹೇಳುವ ಅಂಕಿಗಳಿವು, ಪೇಟೆಯ ದರವಲ್ಲ: ಒಂದು ಜೀಪಿಗೆ 2,50,000 ರೂ. ಹೇಳಿದ್ದಾರೆ, ನೀಲಿ ಹೊಗೆ ಬರುತ್ತದೆ, ಚಾಸಿಸ್ ಗಟ್ಟಿಯಿದೆ, ಕಾಗದ ಚೊಕ್ಕವಾಗಿದೆ. ಎಂಜಿನ್ ಕೆಲಸಕ್ಕೆ 80,000, ಟೈರಿಗೆ 40,000 ಸೇರಿಸಿದರೆ 3,70,000 ರೂ. ಇನ್ನೊಂದಕ್ಕೆ 3,25,000 ಹೇಳಿದ್ದಾರೆ, ಬಣ್ಣ ಹೊಳೆಯುತ್ತದೆ, ಎಂಜಿನ್ ಗುಂಡಿನಂತಿದೆ, ನೆಲಹಾಸಿನ ಕೆಳಗೆ ತಗಡು ಉದುರುತ್ತದೆ. ಎರಡನೆಯದು 45,000 ರೂ. ಅಗ್ಗವೆಂದು ಕಂಡರೂ ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಅದು ಗುಜರಿಯವರ ತೂಕಕ್ಕೆ ಹೋಗುವ ಸರಕು. ಮೊದಲನೆಯದನ್ನೇ ಕೊಳ್ಳಿರಿ. ನೋಡಲು ಹೋಗುವಾಗ ನಿಮ್ಮ ಮೆಕ್ಯಾನಿಕ್‌ನನ್ನು ಅವರ ದಿನದ ಕೂಲಿ ಕೊಟ್ಟು ಕರೆದೊಯ್ಯಿರಿ. ದಲ್ಲಾಳಿ ಕರೆತಂದ ಮೆಕ್ಯಾನಿಕ್ ಬೇಡ.

ಮನೆಗೆ ತಂದ ಮೇಲೆ

ತಂದ ವಾರದಲ್ಲೇ ಎಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮತ್ತು ಎರಡೂ ಆಕ್ಸೆಲ್ಲುಗಳ ಆಯಿಲ್ ಬದಲಿಸಿ, ಆಯಿಲ್, ಡೀಸೆಲ್ ಮತ್ತು ಗಾಳಿ ಶೋಧಕಗಳನ್ನು ಹೊಸದಾಗಿ ಹಾಕಿಸಿರಿ. ಬ್ರೇಕ್ ಆಯಿಲನ್ನೂ ಬದಲಿಸಿರಿ. ರೇಡಿಯೇಟರಿಗೆ ಹಳ್ಳದ ನೀರು ಸುರಿಯದೆ ಕೂಲೆಂಟ್ ಬೆರೆಸಿರಿ. ಗೊಬ್ಬರ ತಂದ ದಿನ ಸಂಜೆಯೇ ಹಿಂಬದಿಯನ್ನು ಗುಡಿಸಿ, ನೀರು ಬಿಟ್ಟು ತೊಳೆಯಿರಿ. ಬೇಸಿಗೆಯಲ್ಲಿಯೂ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ನಾಲ್ಕು ಚಕ್ರಕ್ಕೆ ಹಾಕಿ ಒಂದು ಫರ್ಲಾಂಗಿನಷ್ಟು ಓಡಿಸಿದರೆ ಒಳಗಿನ ಗೇರುಗಳಿಗೆ ಆಯಿಲ್ ತಾಗಿ, ಲಿವರ್ ತುಕ್ಕು ಹಿಡಿಯದೆ, ಮುಂದಿನ ಜೂನ್‌ನಲ್ಲಿ ಬೇಕಾದಾಗ ಕೈಗೆ ಬರುತ್ತದೆ.